ಹೆಪ್ಪು ತಪ್ಪಿದ ರಕ್ತ



ಹಾಲಿಗೆ ಹೆಪ್ಪು ಹಾಕಿಟ್ಟರೆ ಬೆಳಗಾಗುವುದರೊಳಗೆ ಮೊಸರಾಗುತ್ತದೆ. ಗಾಯದ ರಕ್ತ ಗಟ್ಟಿಯಾಗುವುದಕ್ಕೂ ನಮ್ಮ ಹಿರಿಯರು ಇದೇ ಮಾತನ್ನು ಬಳಸಿ ‘ಹೆಪ್ಪುಗಟ್ಟಿತು’ ಎಂದರು. ರಕ್ತದಲ್ಲಿಯೂ ಹೆಪ್ಪಿನ ಕೆಲಸ ಮಾಡುವ ಹಲವು ಅಂಶಗಳುಂಟು. ಹುಟ್ಟಿನಿಂದ ಸರಿಯಾಗಿದ್ದ ಈ ಹೆಪ್ಪು ಹೆರಿಗೆಯ ಬಳಿಕ ಕೆಡುವುದೂ ಉಂಟು. ಇಂದಿನ ಮಾತು ಅದನ್ನು ಕುರಿತದ್ದು.

ಹೆರಿಗೆಯಾದ ಕೂಡಲೆ ರಕ್ತ ಅಧಿಕವಾಗಿ ಹೋಗಲು ಸಾಮಾನ್ಯ ಕಾರಣ ಗರ್ಭಕೋಶ ಬಿಗಿದುಕೊಳ್ಳದಿರುವುದು. ಇದನ್ನು ತಡೆಯಬಹುದೆಂಬುದಕ್ಕೆ ನಮ್ಮ ಬೆಳಗಾವಿ ಜಿಲ್ಲೆಯೇ ಸಾಕ್ಷಿ. ಅಲ್ಲಿನ ಹಳ್ಳಿಗಳ 1620 ಹೆಂಗಸರಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಾದಿಯರು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಅಧಿಕ ರಕ್ತಸ್ರಾವದ ಪ್ರಮಾಣ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಆದರೆ ಗರ್ಭಕೋಶ ಬಿಗಿದು, ಮಾಸು ಪೂರ್ತಿ ಬಿದ್ದು, ಎಲ್ಲಿಯೂ ಗಾಯವಿಲ್ಲದೆಯೂ ರಕ್ತ ನಿಲ್ಲದಿದ್ದರೆ, ಅಥವಾ ವಾರಗಳ ಮೇಲೆ ಮರಳಿ ಹರಿದರೆ, ರಕ್ತವನ್ನೇ ಪರೀಕ್ಷಿಸಬೇಕು.

ಅಂಥ ರೋಗಗಳಲ್ಲೊಂದು ಆರ್ಜಿತ ಹಿಮೋಫಿಲಿಯಾ. ವಂಶದಿಂದ ಬರುವ ಹಿಮೋಫಿಲಿಯಾ, ಎಂದರೆ ಕುಸುಮರೋಗ, ಬಹುಮಟ್ಟಿಗೆ ಗಂಡುಮಕ್ಕಳದು. ಇದು ಹಾಗಲ್ಲ, ತವರಿನಲ್ಲಿ ಯಾರಿಗೂ ಇಲ್ಲದೆಯೇ ಬರುತ್ತದೆ. ರೋಗಾಣುಗಳನ್ನು ಎದುರಿಸಬೇಕಾದ ದೇಹದ ಪ್ರತಿಕಾಯಗಳು ದಾರಿತಪ್ಪಿ, ಎಂಟನೆಯ ಅಂಶವೆಂಬ ಸ್ವಂತ ಹೆಪ್ಪನ್ನೇ ಕೆಡಿಸುತ್ತವೆ. ಸಾಮಾನ್ಯವಾಗಿ ಹೆರಿಗೆಯಾದ ಒಂದರಿಂದ ನಾಲ್ಕು ತಿಂಗಳಲ್ಲಿ, ಕೆಲವೊಮ್ಮೆ ವರ್ಷದವರೆಗೂ, ಇದು ತಲೆದೋರಬಹುದು. ರೋಗ ಬಲು ಅಪರೂಪ. ಹೆರಿಗೆಯಲ್ಲದ ಕಾರಣಗಳನ್ನೂ ಸೇರಿಸಿದರೆ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಅಪರೂಪವೆಂಬ ಕಾರಣದಿಂದಲೇ ಗುರುತು ಸಿಕ್ಕದೆ ಜೀವಕ್ಕೆ ಎರವಾಗುತ್ತದೆ.

ಕಟ್ಟಾಯದ ಸುತ್ತಿನ ನಮ್ಮ ಹಾಸನ ಸೀಮೆಯಲ್ಲಿ, ನಾಡಿನ ಉಳಿದೆಡೆಗಳಂತೆಯೇ, ‘ಕೆಟ್ಟ ರಕ್ತ, ಹೋಗಲಿ ಬಿಡು’ ಎನ್ನುವ ಹಿರಿಯರಿದ್ದಾರೆ. ಮೊದಲ ವಾರಗಳ ಸ್ರಾವ ಸಹಜವೇ. ಆದರೆ ಅದು ಬರಬರುತ್ತ ಕಡಿಮೆಯಾಗಬೇಕು, ಬಣ್ಣ ತಿಳಿಯಾಗಬೇಕು. ನಿಂತದ್ದು ಮತ್ತೆ ಹರಿದರೆ, ಪೆಟ್ಟಿಲ್ಲದೆ ತೊಡೆತೋಳುಗಳು ಕಪ್ಪಿಟ್ಟರೆ, ಮಾಂಸಖಂಡ ಊದಿಕೊಂಡರೆ, ಅದು ಎಣ್ಣೆನೀರಿನಿಂದ ಹೋಗುವ ಬಾಧೆಯಲ್ಲ. ಅಲ್ಲಿ ಬಲವಾಗಿ ತಿಕ್ಕಬಾರದು. ಆಸ್ಪಿರಿನ್ ಮಾತ್ರೆಯನ್ನೂ ಕೊಡಬಾರದು.

ಎ.ಪಿ.ಟಿ.ಟಿ. ಎಂಬ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಅಳೆಯುತ್ತಾರೆ. ಅದು ಹೆಚ್ಚಾಗಿದ್ದರೆ, ರೋಗಿಯ ರಕ್ತದ ತಿಳಿಗೆ ಆರೋಗ್ಯವಂತರ ತಿಳಿಯನ್ನು ಬೆರೆಸಿ ಎರಡು ಗಂಟೆ ಬೆಚ್ಚಗಿಟ್ಟು ಮತ್ತೆ ನೋಡುತ್ತಾರೆ. ಒಳ್ಳೆಯ ಹೆಪ್ಪು ಬೆರೆತರೂ ಕಾಲ ಸರಿಹೋಗದಿದ್ದರೆ, ಹೆಪ್ಪನ್ನು ಕೆಡಿಸುವ ವೈರಿ ಒಳಗೇ ಇದೆಯೆಂದು ಶಂಕಿಸುತ್ತಾರೆ. ಕೆಟ್ಟ ಅಂಶವನ್ನು ಬಳಸಿಕೊಳ್ಳದೆ ರಕ್ತ ನಿಲ್ಲಿಸುವ ಔಷಧಗಳಿವೆ. ಪ್ರತಿಕಾಯಗಳನ್ನು ಅಡಗಿಸಲು ಸ್ಟೀರಾಯ್ಡ್ ಮೊದಲಾದ ಔಷಧಗಳಿವೆ. ಸಕಾಲದಲ್ಲಿ ಗುರುತಿಸಿದ ಬಾಣಂತಿಯರಲ್ಲಿ ಹೆಚ್ಚಿನವರು ಗುಣ ಹೊಂದುತ್ತಾರೆ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಈ ಬಗೆಯ ರೋಗಿಗಳಿಗಾಗಿಯೇ ದುಡಿಯುವ ಹಿಮೋಫಿಲಿಯಾ ಸೊಸೈಟಿ ದಾವಣಗೆರೆಯಲ್ಲಿದೆ.

ಆದರೆ ಇವೆಲ್ಲಕ್ಕೂ ಮೊದಲು ಬಾಣಂತಿ ಬಾಯಿಬಿಟ್ಟು ಹೇಳಬೇಕು. ಹೇಳಲು ಆಕೆಗೆ ಸಂಕೋಚ. ಆದ್ದರಿಂದ ಮನೆಯ ಹಿರಿಯಳು ‘ಮಗು ಹಾಲು ಕುಡಿಯಿತೆ?’ ಎಂದು ಕೇಳುವಷ್ಟೇ ಸಹಜವಾಗಿ ‘ರಕ್ತ ನಿಂತಿತೇನವ್ವಾ?’ ಎಂದೂ ಕೇಳಲಿ. ಆ ಒಂದು ಪ್ರಶ್ನೆ ತಾಯಿಯೊಬ್ಬಳನ್ನು ಮಗುವಿಗೆ ಉಳಿಸಿಕೊಟ್ಟೀತು.