ಟ್ಯಾಂಕಿನೊಳಗಿನ ಕೂಗು

ಕೋಲಾರದ ಹೊರವಲಯದಲ್ಲಿ, ರಾಷ್ಟ್ರೀಯ ಹೆದ್ದಾರಿ 75ರ ಬದಿಗೆ, ಒಂದು ತಗಡಿನ ಗ್ಯಾರೇಜು. ಮುಂದೊಂದು ಹೊಂಗೆ ಮರ, ಬುಡದಲ್ಲಿ ಸವೆದ ಟಯರುಗಳು, ಆಯಿಲು ಕುಡಿದು ಕಪ್ಪಾದ ನೆಲ. ಎಪಿಎಂಸಿಯಲ್ಲಿ ಟೊಮೆಟೊ ಇಳಿಸಿದ ಗಾಡಿಗಳು ಬಿಸಿಲೇರಿದ ಮೇಲೆ ಒಂದೊಂದಾಗಿ ಈ ನೆರಳಿಗೆ ಬರುತ್ತವೆ. ಈಗ ನಿಂತಿರುವುದು ಪೆಟ್ರೋಲಿನ ಸಣ್ಣ ಪಿಕಪ್ಪು. ಹಿಂದೆ ಖಾಲಿ ಕ್ರೇಟುಗಳು, ಮೂಲೆಯಲ್ಲಿ ಜಜ್ಜಿಹೋದ ನಾಲ್ಕು ಹಣ್ಣು, ಮೇಲೆ ನೊಣ.

“ಭಾಯ್, ಪಂಪು ಹೋಯ್ತು ಅನ್ಸುತ್ತೆ. ಹಿಂದಗಡೆಯಿಂದ ಕುಂಯ್ ಅಂತ ಒಂದೇ ಸಮ ಕೂಗ್ತೈತೆ. ಏರು ಬಂದ್ರೆ ಗಾಡಿ ಎಳೆಯಲ್ಲ,” ಎಂದು ಡ್ರೈವರು ರೋಗದ ಜೊತೆ ಮದ್ದನ್ನೂ ತಾನೇ ಹೇಳಿಬಿಟ್ಟ.

ಮೆಕ್ಯಾನಿಕ್ ಭಾಯ್ ಸ್ಪ್ಯಾನರು ಮುಟ್ಟಲಿಲ್ಲ. ಪೆಟ್ರೋಲ್ ಮುಚ್ಚಳ ಬಿಚ್ಚಿ ಕಿವಿ ಹತ್ತಿರ ತಂದರು. “ಕೀ ಆನ್ ಮಾಡಪ್ಪ. ಸೆಲ್ಫ್ ಹೊಡೀಬೇಡ.”

ಇಂಜಿನ್ ಓಡುವಾಗ ಬೆಲ್ಟು, ಬೇರಿಂಗು, ಆಲ್ಟರ್ನೇಟರು ಎಲ್ಲವೂ ಸೇರಿ ಸದ್ದು ಮಾಡುತ್ತವೆ. ಯಾವುದರ ಗಂಟಲು ಯಾವುದೆಂದು ತಿಳಿಯುವುದಿಲ್ಲ. ಬರೀ ಕೀ ತಿರುಗಿಸಿದರೆ ಪಂಪೊಂದೇ ಸುಮಾರು ಎರಡು ಸೆಕೆಂಡು ಓಡಿ, ಪೈಪಿನಲ್ಲಿ ಒತ್ತಡ ತುಂಬಿ, ನಿಲ್ಲುತ್ತದೆ. ಆ ಎರಡು ಸೆಕೆಂಡಿನಲ್ಲಿ ಕೇಳಿದ್ದು ಮಾಮೂಲಿ ಗುಂಯ್ ಸದ್ದಲ್ಲ. ಸಣ್ಣ, ಏರಿದ ಕೂಗು, ಅದರೊಳಗೆ ಚಟಚಟ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿನ ಕ್ಲಿಪ್ಪಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಮತ್ತೊಮ್ಮೆ ಕೇಳಿದರು. ಕ್ಲಿಪ್ಪಿನ ರಬ್ಬರು ಹೋಗಿ ಪೈಪು ಚಾಸಿಗೆ ತಾಗಿದರೂ ಗಾಡಿ ಕೂಗುತ್ತದಂತೆ. ಇಲ್ಲಿ ರಬ್ಬರು ಸರಿಯಾಗಿತ್ತು.

ಗ್ಯಾರೇಜಿನ ಹುಡುಗ ಪಂಪಿನ ರಿಲೇ ಕಿತ್ತು, ಆ ಜಾಗಕ್ಕೊಂದು ವೈರು ಕೊಟ್ಟು ಪಂಪನ್ನು ಬಿಡದೆ ಓಡಿಸಿದ. ಮೀಟರು ಹಿಡಿದರೆ ಬ್ಯಾಟರಿಯ ವೋಲ್ಟೇಜು ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ತಲುಪುತ್ತಿದೆ, ಅರ್ತಿಂಗಿನಲ್ಲೂ ದೋಷವಿಲ್ಲ. ಪ್ರೆಶರ್ ಗೇಜಿನ ಮುಳ್ಳು ಮಾತ್ರ ಮೂರು ಬಾರ್ ದಾಟಿ ನಿಲ್ಲಬೇಕಾದ ಕಡೆ ಎರಡರ ಆಸುಪಾಸಿನಲ್ಲೇ ನಡುಗುತ್ತಿತ್ತು.

ಇಂಥ ಗಾಡಿಗಳ ಪಂಪು ಟ್ಯಾಂಕಿನೊಳಗೇ, ಪೆಟ್ರೋಲಿನಲ್ಲಿ ಮುಳುಗಿ ಇರುತ್ತದೆ. ಅದರ ಮೋಟಾರನ್ನು ತಣಿಸುವುದೂ ಪೆಟ್ರೋಲೇ, ಬೇರಿಂಗಿಗೆ ಜಾರು ಕೊಡುವುದೂ ಅದೇ. ಟ್ಯಾಂಕು ಸದಾ ರಿಸರ್ವಿನಲ್ಲಿದ್ದರೆ ಪಂಪು ಕಾಯುತ್ತದೆ. ಜೊತೆಗೆ ಕೆಳಗಿನ ಜಾಲರಿ ಕಟ್ಟಿಕೊಂಡರೆ, ಮುಗಿದ ಎಳನೀರಿನಲ್ಲಿ ಸ್ಟ್ರಾ ಎಳೆದ ಹಾಗೆ, ಪಂಪು ಬರದ್ದನ್ನು ಎಳೆಯುತ್ತಲೇ ಇರುತ್ತದೆ. ಆ ಎಳೆತಕ್ಕೆ ಒತ್ತಡ ಕುಸಿದು ಪೆಟ್ರೋಲಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ, ಪಂಪಿನೊಳಗೆ ಒಡೆಯುತ್ತವೆ. ಚಟಚಟ ಅದರದ್ದು. ಕೋಲಾರದ ಬೇಸಿಗೆ ಇದಕ್ಕೆ ಇನ್ನಷ್ಟು ಒತ್ತಾಸೆ.

“ಎಷ್ಟರದ್ದು ಹಾಕಿಸ್ತೀಯಾ?”

“ಇನ್ನೂರು, ಮುನ್ನೂರು. ಬಾಡಿಗೆ ಬಂದಂಗೆ.”

ಪಂಪಿನ ಫ್ಯೂಸು ಕಿತ್ತು, ಇಂಜಿನ್ ತಾನಾಗಿ ಆರುವವರೆಗೆ ಓಡಿಸಿ ಪೈಪಿನ ಒತ್ತಡ ಇಳಿಸಿದರು. ಬ್ಯಾಟರಿಯ ಮೈನಸ್ ಬಿಚ್ಚಿದರು. ಪಕ್ಕದ ಟೀ ಅಂಗಡಿಯಲ್ಲಿ ಬೀಡಿ ಹಚ್ಚಿದವನನ್ನು ಹುಡುಗ ಗದರಿಸಿ ರಸ್ತೆಯಾಚೆ ಕಳಿಸಿದ. ಉಳಿದ ಪೆಟ್ರೋಲು ಕ್ಯಾನಿಗೆ, ಪಟ್ಟಿ ಬಿಚ್ಚಿದ ಟ್ಯಾಂಕು ನೆಲಕ್ಕೆ. ಪಂಪು ಕೂರುವ ಮುಚ್ಚಳದ ಸುತ್ತಲಿನ ಧೂಳನ್ನು ಗಾಳಿ ಹೊಡೆದು, ಬಟ್ಟೆಯಲ್ಲಿ ಒರೆಸಲು ಭಾಯ್ ತೆಗೆದುಕೊಂಡಷ್ಟು ಹೊತ್ತು ಬೇರೆ ಯಾವುದಕ್ಕೂ ತೆಗೆದುಕೊಳ್ಳಲಿಲ್ಲ. ಈ ಧೂಳು ಒಳಗೆ ಬಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಮುಚ್ಚಳದ ಉಂಗುರವನ್ನು ಹಿತ್ತಾಳೆ ಉಳಿಯಲ್ಲಿ ಮೆಲ್ಲಗೆ ತಟ್ಟಿ ತಿರುಗಿಸಿದರು. ಪೆಟ್ರೋಲ್ ವಾಸನೆ ಇರುವಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿ ಕಿಡಿ ಏಳಬಾರದು.

ಪಂಪಿನ ಜೊತೆ ಮೇಲೆ ಬಂದ ಜಾಲರಿಯ ಬಣ್ಣ ಬಿಳಿಯೋ ಕಪ್ಪೋ ಹೇಳುವಂತಿರಲಿಲ್ಲ. ಪೂರಾ ಕಂದು ಕೆಸರು. ಟ್ಯಾಂಕಿನ ತಳದಲ್ಲೂ ಅದೇ.

“ಎಲ್ಲಾ ಈ ಎಥನಾಲ್ ಮಹಿಮೆ,” ಎಂದ ನೋಡುತ್ತ ನಿಂತ ಇನ್ನೊಬ್ಬ ಡ್ರೈವರು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಅದು ತೇವ ಹೀರುವುದೂ ನಿಜ, ಹಳೆಯ ಕೊಳೆಯನ್ನು ಸಡಿಲಿಸಿ ಜಾಲರಿಗೆ ತಂದು ಕೂರಿಸಬಲ್ಲದೆಂಬುದೂ ನಿಜ. ಆದರೆ ಕೊಳೆಯನ್ನು ಅದು ಹೊಸದಾಗಿ ಹೆರುವುದಿಲ್ಲ. ತಳ ಕಾಣುವವರೆಗೆ ಓಡಿಸಿದ್ದಕ್ಕೂ, ಎಂದೂ ತೊಳೆಯದ ಟ್ಯಾಂಕಿಗೂ ಒಂದೇ ಆರೋಪಿ ಸಿಕ್ಕರೆ ಎಲ್ಲರಿಗೂ ಹಗುರ, ಅಷ್ಟೇ.

ಇಲ್ಲಿ ಇಡೀ ಪಂಪ್ ಸೆಟ್ ಮಾರಿಬಿಡುವುದು ಸುಲಭವಿತ್ತು. ಡ್ರೈವರು ಆ ಖರ್ಚಿಗೆ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದ. ಭಾಯ್ ಟ್ಯಾಂಕು ತೊಳೆಸಿ, ಹೊಸ ಜಾಲರಿ, ಹೊಸ ಫಿಲ್ಟರು, ಮುಚ್ಚಳಕ್ಕೆ ಹೊಸ ರಬ್ಬರ್ ರಿಂಗು ಹಾಕಿ ಕೂರಿಸಿದರು. ಎಲ್ಲ ಬಿಗಿಯಾದ ಮೇಲೆ ಹತ್ತು ಲೀಟರು ಸುರಿದು ಕೀ ಆನ್. ತಗ್ಗಿದ ಗುಂಯ್, ಎರಡು ಸೆಕೆಂಡು, ನಿಂತಿತು. ಗೇಜಿನ ಮುಳ್ಳು ಮೂರೂವರೆಯಲ್ಲಿ ಅಲುಗದೆ ನಿಂತಿತು. ಜಾಯಿಂಟುಗಳನ್ನೆಲ್ಲ ಬೆರಳಿನಿಂದ ಸವರಿ ಸೋರಿಕೆ ಇಲ್ಲವೆಂದು ನೋಡಿ, ಭಾಯ್ ಮತ್ತೆ ಕಿವಿ ಇಟ್ಟರು.

“ಸಣ್ಣದೊಂದು ಗರಗರ ಉಳಿದೈತೆ. ಒಣಗಿ ಓಡಿ ಬೇರಿಂಗು ಸವೆದಿರಬೇಕು. ಈ ಸೀಸನ್ ಓಡಿಸು. ಅದು ಜಾಸ್ತಿ ಆದ್ರೆ ಆವಾಗ ಪಂಪು. ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಸ್ಬೇಡ.”

“ಟೊಮೆಟೊ ಬಾಕ್ಸಿಗೆ ರೇಟು ಬರ್ಲಿ ಭಾಯ್, ಫುಲ್ ಟ್ಯಾಂಕೇ ಹಾಕಿಸ್ತೀನಿ,” ಎಂದ ಡ್ರೈವರು, ಕೂಲಿಯಲ್ಲಿ ನೂರು ರೂಪಾಯಿ ಇಳಿಸುವ ಮಾತು ತೆಗೆದ. ಭಾಯ್ ಐವತ್ತು ಬಿಟ್ಟರು: “ಈ ಐವತ್ತಕ್ಕೆ ಪೆಟ್ರೋಲ್ ಹಾಕಿಸ್ಕೊ.”