ಆಲ್ಡ್ ಲ್ಯಾಂಗ್ ಸೈನ್ (ಧಾಟಿ)

ಆಲ್ಡ್ ಲ್ಯಾಂಗ್ ಸೈನ್ ಸ್ಕಾಟ್ಲೆಂಡಿನ ಸಾಂಪ್ರದಾಯಿಕ ಪಿಟೀಲು ಧಾಟಿಯೊಂದಕ್ಕೆ ಹೊಂದಿಸಲಾದ ಪ್ರಸಿದ್ಧ ಗೀತೆ. ಸ್ಕಾಟ್ಸ್ ಭಾಷೆಯ ಈ ಹೆಸರಿಗೆ ‘ಬಹು ಹಿಂದಿನ ಕಾಲ’ ಎಂದು ಅರ್ಥ. ಇಂದು ಜಗತ್ತಿನೆಲ್ಲೆಡೆ ಕೇಳಿಬರುವ ಧಾಟಿಯು ಈ ಗೀತೆಯೊಡನೆ ಮೊದಲು ಅಚ್ಚಾದ ಧಾಟಿಯಲ್ಲ. ಕುಣಿತಕ್ಕೆಂದು ನುಡಿಸುತ್ತಿದ್ದ ಮಟ್ಟೊಂದು ನಿಧಾನಗೊಂಡು ಬೀಳ್ಕೊಡುಗೆಯ ಹಾಡಾದುದು ಇದರ ಚರಿತ್ರೆಯ ಮುಖ್ಯ ಸಂಗತಿ.

ಮೂಲ

ಇದೇ ಹೆಸರಿನ ಹಳೆಯ ಹಾಡೊಂದನ್ನು ಜೇಮ್ಸ್ ವಾಟ್ಸನ್ 1711ರಲ್ಲಿ ಮುದ್ರಿಸಿದ್ದರು. ಕವಿ ರಾಬರ್ಟ್ ಬರ್ನ್ಸ್ 1788ರಲ್ಲಿ ತಮ್ಮ ಪಾಠವನ್ನು ಸಿದ್ಧಪಡಿಸಿದರು; ವೃದ್ಧರೊಬ್ಬರು ಹಾಡಿದ್ದನ್ನು ಕೇಳಿ ಬರೆದುಕೊಂಡೆನೆಂದೂ ಅದರ ಧಾಟಿ ಸಾಧಾರಣವಾದುದೆಂದೂ ಅವರು ಹೇಳಿಕೊಂಡಿದ್ದಾರೆ. ಬರ್ನ್ಸ್ ನಿಧನರಾದ 1796ರಲ್ಲಿಯೇ ಜೇಮ್ಸ್ ಜಾನ್ಸನ್ನರ ಸಂಗ್ರಹದ ಐದನೆಯ ಸಂಪುಟದಲ್ಲಿ ಗೀತೆಯು ಆ ಹಳೆಯ ಧಾಟಿಯೊಡನೆ ಪ್ರಕಟವಾಯಿತು. ಜಾರ್ಜ್ ಥಾಮ್ಸನ್ 1799ರಲ್ಲಿ ಅದೇ ಸಾಹಿತ್ಯವನ್ನು ಬೇರೊಂದು ಧಾಟಿಗೆ ಅಳವಡಿಸಿದರು. ನೆಲೆ ನಿಂತದ್ದು ಇದೇ. ಕನ್ನಡದ ಹಳೆಯ ಹಾಡಿನ ಪುಸ್ತಕಗಳಲ್ಲಿ ಪದ್ಯದ ನೆತ್ತಿಯ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಸೂಚಿಸುವ ಪದ್ಧತಿಯನ್ನು ಬಲ್ಲವರಿಗೆ ಥಾಮ್ಸನ್ ಮಾಡಿದ್ದು ಹೊಸತೆನಿಸದು.

ಪಿಟೀಲಿನ ರೂಪಗಳು

ಥಾಮ್ಸನ್ ಆಯ್ದ ಧಾಟಿಯು ‘ಗಿರಣಿಗಾರನ ಮದುವೆ’ ಎಂಬ ಅರ್ಥದ ಹೆಸರುಳ್ಳ ಕುಣಿತದ ಮಟ್ಟಿನ ವಂಶದ್ದು. ರಾಬರ್ಟ್ ಬ್ರೆಮ್ನರ್ 1757ರಿಂದ ಹೊರತಂದ ನೃತ್ಯಧಾಟಿಗಳ ಸಂಗ್ರಹದಲ್ಲಿ ಇದು ದೊರೆಯುತ್ತದೆ. ಪಿಟೀಲುವಾದಕ ನೀಲ್ ಗೌ ಅವರ ‘ಸರ್ ಅಲೆಕ್ಸಾಂಡರ್ ಡಾನ್’ ಎಂಬ ಧಾಟಿ ಇದರ ಸಮೀಪದ ರೂಪಾಂತರ. 1782ರ ಡಿಸೆಂಬರ್ 31ರಂದು ಲಂಡನ್ನಿನಲ್ಲಿ ಮೊದಲು ಪ್ರದರ್ಶಿತವಾದ ವಿಲಿಯಂ ಶೀಲ್ಡರ ‘ರೋಸಿನಾ’ ಗೀತನಾಟಕದ ಪೀಠಿಕಾ ಸಂಗೀತದಲ್ಲಿಯೂ ಇದನ್ನೇ ಹೋಲುವ ಭಾಗವಿದೆ. ದಿನಾಂಕವು ಹೊಸ ವರ್ಷದ ಹಿಂದಿನ ರಾತ್ರಿಯಾಗಿರುವುದು ಕೇವಲ ಕಾಕತಾಳೀಯ.

ಈ ಮಟ್ಟುಗಳು ‘ಸ್ಟ್ರಾತ್‌ಸ್ಪೇ’ ಎಂಬ ನಾಲ್ಕೆಣಿಕೆಯ ಕುಣಿತಕ್ಕೆ ಸೇರಿದವು. ಪೆಟ್ಟು ಬೀಳುವ ಸ್ಥಾನದಲ್ಲಿ ಗಿಡ್ಡ ಸ್ವರ, ಅದರ ಬೆನ್ನಿಗೇ ಉದ್ದ ಸ್ವರ, ಅಂದರೆ ಛಂದಸ್ಸಿನ ಲಘು–ಗುರು, ಇದರ ಗುರುತು. ಹಾಡಾಗುವಾಗ ಈ ಜಿಗಿತ ಬಹುಮಟ್ಟಿಗೆ ಅಳಿಸಿಹೋಗಿದೆ. ಪಿಟೀಲಿನಲ್ಲಿ ಮೂಲ ನಡೆಯನ್ನು ಕೇಳಿದವರಿಗೆ ಇಂದಿನ ವಿಷಾದದ ಛಾಯೆ ಅಲ್ಲಿ ಕಾಣದು.

ಇತರ ದೇಶಗಳಲ್ಲಿ

ಜಪಾನಿನ ಶಾಲಾ ಗೀತೆಗಳಲ್ಲಿ ಈ ಧಾಟಿ 1881ರಲ್ಲಿ ಸೇರಿತು. ಕೊರಿಯಾದ ರಾಷ್ಟ್ರಗೀತೆಯನ್ನು 1948ರವರೆಗೆ, ಮಾಲ್ಡೀವ್ಸಿನದನ್ನು 1972ರವರೆಗೆ ಇದೇ ಧಾಟಿಯಲ್ಲಿ ಹಾಡಲಾಗುತ್ತಿತ್ತು. ರವೀಂದ್ರನಾಥ ಠಾಕೂರರು ಇದನ್ನು ಆಧರಿಸಿ ಬಂಗಾಳಿ ಗೀತೆಯೊಂದನ್ನು ರಚಿಸಿದರು.

ಬೆಂಗಳೂರು ಮತ್ತು ಕರ್ನಾಟಕ ಸಂಗೀತ

ಬೆಂಗಳೂರಿನ ದಂಡು ಪ್ರದೇಶದಲ್ಲಿ ಸ್ಕಾಟಿಷ್ ಸಮುದಾಯದ ಕುರುಹಾಗಿ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚ್ (ಶಂಕುಸ್ಥಾಪನೆ 1864, ಪ್ರಾರಂಭ 1866) ಉಳಿದಿದೆ. ಆಂಗ್ಲೋ ಇಂಡಿಯನ್ ಕುಟುಂಬಗಳ ಹೊಸ ವರ್ಷದ ಕೂಟಗಳಲ್ಲಿಯೂ ಸ್ಕೌಟ್ ಶಿಬಿರಗಳ ಮುಕ್ತಾಯದಲ್ಲಿಯೂ ಕೈಗೆ ಕೈ ಹೆಣೆದು ಇದನ್ನು ಹಾಡುವ ವಾಡಿಕೆಯಿದೆ. ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯಲ್ಲಿ ತರಬೇತಿ ಮುಗಿಸಿದವರು ನಿರ್ಗಮಿಸುವುದೂ ಇದೇ ಧಾಟಿಗೆ.

ಫಿಡಲ್ ಎಂಬ ಪದವೇ ಕನ್ನಡದಲ್ಲಿ ಪಿಟೀಲಾಯಿತು. ವಾದ್ಯದೊಡನೆ ಧಾಟಿಗಳೂ ದಕ್ಷಿಣಕ್ಕೆ ಬಂದವು. ಮುತ್ತುಸ್ವಾಮಿ ದೀಕ್ಷಿತರು ಇಂಥ ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ರಚಿಸಿದರು. ಅವು ‘ನೋಟುಸ್ವರ’ಗಳೆಂದು ಪ್ರಸಿದ್ಧವಾಗಿವೆ. ಆಲ್ಡ್ ಲ್ಯಾಂಗ್ ಸೈನ್ ಬಳಸುವುದು ಐದೇ ಸ್ವರಗಳನ್ನು: ಷಡ್ಜ, ಚತುಶ್ರುತಿ ರಿಷಭ, ಅಂತರ ಗಾಂಧಾರ, ಪಂಚಮ, ಚತುಶ್ರುತಿ ಧೈವತ. ಇವು ಮೋಹನ ರಾಗದ ಸ್ವರಗಳೇ. ಹಾಗೆಂದು ಇದನ್ನು ಮೋಹನವೆನ್ನಲಾಗದು. ಗಮಕಗಳಿಲ್ಲದೆ, ಸ್ವರಗಳನ್ನು ನೇರವಾಗಿ ಹಿಡಿದು ನುಡಿಸುವುದೇ ಇದರ ಕ್ರಮ.