ಹಡಗಿನ ನೆತ್ತಿಯ ಬಿಳಿ ಗುಮ್ಮಟ

ರಾಯಚೂರಿಗೂ ಕಡಲಿಗೂ ಏನು ನಂಟು ಎಂದು ಕೇಳುವವರಿಗೆ ರೈಲು ಹಳಿಯನ್ನು ತೋರಿಸಬೇಕು. 1871ರಲ್ಲಿ ಬೊಂಬಾಯಿ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ ಕೂಡಿದ್ದು ಇದೇ ಊರಿನಲ್ಲಿ. ಇವತ್ತಿಗೂ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕೂತರೆ ನೇರ ಮುಂಬೈ. ಅಲ್ಲಿಂದ 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೇಲಿಯಾ ಕಂಪನಿಯ ವಿಹಾರ ನೌಕೆ ಗೋವಾ, ಲಕ್ಷದ್ವೀಪಗಳ ಕಡೆಗೆ ಪ್ರವಾಸಿಗರನ್ನು ಕರೆದೊಯ್ಯತೊಡಗಿತು. ಐಆರ್‌ಸಿಟಿಸಿಯೂ ಅದರ ಟಿಕೆಟ್ ಮಾರಲು ಕೈಜೋಡಿಸಿದ ಮೇಲೆ, ಹಡಗಿನ ಪ್ರವಾಸ ಸಿನಿಮಾದಲ್ಲಷ್ಟೇ ನೋಡುವ ಸಂಗತಿಯಾಗಿ ಉಳಿಯಲಿಲ್ಲ.

ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಕೆರಳಿರುತ್ತದೆ. ಹೀಗಾಗಿ ವಿಹಾರ ನೌಕೆಗಳ ಹಂಗಾಮು ಶುರುವಾಗುವುದು ಮಳೆ ನಿಂತ ಮೇಲೆ. ದೇವದುರ್ಗದ ಹತ್ತಿ ಬಿಡಿಸಿ ರಾಯಚೂರು ಎಪಿಎಂಸಿಗೆ ತರುವುದೂ, ಮಾನ್ವಿಯ ಗದ್ದೆಗಳಲ್ಲಿ ಭತ್ತದ ಕಟಾವು ನಡೆಯುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಹಬ್ಬದ ರಜೆಗೆ ಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿದ ರೈತನಿಗೆ ಇವತ್ತಿನ ಧಾರಣೆ ಬೇಕು, ಹಮಾಲರ ಲೆಕ್ಕ ಬೇಕು, ಮನೆಯಲ್ಲಿ ಉಳಿದ ಅವ್ವನ ದನಿ ಬೇಕು. ಕಡಲ ಮೇಲೆ ಇಂಟರ್ನೆಟ್ ಬೇಕೆನ್ನುವುದನ್ನು ಮೊಬೈಲಿನ ಗೀಳು ಎಂದು ಸುಲಭವಾಗಿ ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ.

ನೌಕೆ ಬಂದರು ಬಿಟ್ಟು ತಾಸು, ಒಂದೂವರೆ ತಾಸು ಆಗುವಷ್ಟರಲ್ಲಿ ಫೋನಿನ ಸಿಗ್ನಲ್ ಗೆರೆಗಳು ಒಂದೊಂದಾಗಿ ಇಳಿದುಹೋಗುತ್ತವೆ. ನಮ್ಮ ಕೃಷ್ಣೆಯಲ್ಲಿ ಹೀಗಾಗುವುದಿಲ್ಲ. ಕುರ್ವಕಲಾ, ಕುರ್ವಕುರ್ದಾ, ನಾರದಗಡ್ಡೆಯಂಥ ನಡುಗಡ್ಡೆಗಳಿಗೆ ತೆಪ್ಪದಲ್ಲಿ ಹೋಗುವಾಗ ನಡುಹೊಳೆಯಲ್ಲೂ ದಂಡೆ ಕಣ್ಣಳತೆಯಲ್ಲೇ ಇರುತ್ತದೆ. ಕಡಲಲ್ಲಿ ದಂಡೆ ದಿಗಂತದ ಕೆಳಗೆ ಇಳಿದುಬಿಡುತ್ತದೆ. ಭೂಮಿ ಗುಂಡಗಿರುವುದರಿಂದ ಟವರಿನ ಅಲೆಗಳು ನೇರ ಸಾಗಿ ಹಡಗಿನ ಮೇಲಿಂದ ಹಾದುಹೋಗುತ್ತವೆ. ಹಳೆಯ 2ಜಿ ವ್ಯವಸ್ಥೆಗಂತೂ ಲೆಕ್ಕದ ಗಡಿಯೇ ಇತ್ತು: ಫೋನಿನ ಅಲೆ ತನ್ನ ಸರದಿಯ ಕ್ಷಣಕ್ಕೆ ಸರಿಯಾಗಿ ಟವರು ಮುಟ್ಟಬೇಕು, ದೂರದಿಂದಾಗುವ ತಡವನ್ನು ಸುಮಾರು 35 ಕಿಲೋಮೀಟರ್‌ವರೆಗೆ ಮಾತ್ರ ಸರಿದೂಗಿಸಬಹುದು. 4ಜಿಯಲ್ಲಿ ಆ ಗಡಿ ಸಡಿಲವಾಗಿದೆ, ಆದರೆ ಕಿಸೆಯ ಫೋನು ಹೊರಡಿಸುವ ಶಕ್ತಿ ಹೆಚ್ಚೆಂದರೆ ಕಾಲು ವ್ಯಾಟಿನ ಆಸುಪಾಸು. ಅಷ್ಟರಲ್ಲಿ ಅದು ಎಷ್ಟು ದೂರ ಕೂಗೀತು?

ಆದ್ದರಿಂದ ಹಡಗು ಆಕಾಶದ ಕಡೆ ತಿರುಗುತ್ತದೆ. ಮೇಲಿನ ಡೆಕ್ಕಿಗೆ ಹೋಗಿ ತಲೆಯೆತ್ತಿದರೆ ಹೊಗೆಕೊಳವೆಯ ಅಕ್ಕಪಕ್ಕ ದೊಡ್ಡ ಬಿಳಿ ಗುಮ್ಮಟಗಳು ಕಾಣುತ್ತವೆ. ಈಜುಕೊಳ, ನಾಟಕಶಾಲೆಗಳ ಮುಂದೆ ಅವುಗಳನ್ನು ಯಾರೂ ಗಮನಿಸುವುದಿಲ್ಲ. ನನ್ನನ್ನು ಕೇಳಿದರೆ ಇಡೀ ಹಡಗಿನಲ್ಲಿ ನಿಂತು ನೋಡಬೇಕಾದ ಯಂತ್ರ ಅದೇ. ಗುಮ್ಮಟದ ಚಿಪ್ಪು ಫೈಬರ್ ಗ್ಲಾಸಿನದು, ರೇಡಿಯೋ ಅಲೆಗಳು ಅದರೊಳಗೆ ಸಲೀಸಾಗಿ ನುಸುಳುತ್ತವೆ. ಗಾಳಿ ಮತ್ತು ಉಪ್ಪುನೀರು ಒಳಗಿನ ಸಲಕರಣೆಯನ್ನು ಕೆಡಿಸದಂತೆ ಕಾಯುವುದಷ್ಟೇ ಅದರ ಕೆಲಸ. ಒಳಗಿರುವುದು ಒಂದು ಡಿಶ್.

ಡಿಶ್ ನಮಗೆ ಹೊಸದಲ್ಲ. ಮಾನ್ವಿಯ ಮಾಳಿಗೆಯ ಮೇಲೆ ಡಿಡಿ ಫ್ರೀ ಡಿಶ್ ಕೂರಿಸುವವನು ಅದರ ಮುಖವನ್ನು ಆಗ್ನೇಯಕ್ಕೆ ತಿರುಗಿಸಿ, ನೆಲದಿಂದ 60 ಡಿಗ್ರಿಗೂ ತುಸು ಮೇಲಕ್ಕೆತ್ತಿ, ಟಿವಿಯಲ್ಲಿ ಚಿತ್ರ ಮೂಡಿದೊಡನೆ ಬೋಲ್ಟ್ ಬಿಗಿದು ಇಳಿದು ಬರುತ್ತಾನೆ. ಉಪಗ್ರಹ ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಜೊತೆಗೇ ಸುತ್ತುವುದರಿಂದ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತಿರುತ್ತದೆ. ಮನೆಯೂ ನಿಂತಿದೆ, ಉಪಗ್ರಹವೂ ನಿಂತಿದೆ, ಕೆಲಸ ಮುಗಿಯಿತು. ಹಡಗಿನಲ್ಲಿ ಬಿಗಿಯಲು ಬೋಲ್ಟೇ ಇಲ್ಲ. ಹಡಗು ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ, ಮೂತಿ ಏಳುತ್ತದೆ ಬೀಳುತ್ತದೆ, ದಿಕ್ಕು ಬದಲಿಸುತ್ತದೆ, ಜೊತೆಗೆ ಮುಂದಕ್ಕೂ ಸಾಗುತ್ತಿರುತ್ತದೆ. ಕೊಡ ಹೊತ್ತು ನಡೆಯುವ ಹೆಣ್ಣುಮಗಳ ಹೆಜ್ಜೆ, ನಡು ಎಲ್ಲ ಅಲುಗಿದರೂ ತಲೆಯ ಮೇಲಿನ ಕೊಡ ಅಲುಗುವುದಿಲ್ಲವಲ್ಲ, ಗುಮ್ಮಟದೊಳಗಿನ ಡಿಶ್ ಮಾಡಬೇಕಾದದ್ದು ಅದನ್ನೇ.

ಹೇಗೆ ಮಾಡುತ್ತದೆ? ಮೊದಲು ಜಿಪಿಎಸ್‌ನಿಂದ ಹಡಗು ಇರುವ ಜಾಗ ಗೊತ್ತಾಗುತ್ತದೆ, ಹಡಗಿನ ದಿಕ್ಸೂಚಿಯಿಂದ ಮೂತಿ ಯಾವ ಕಡೆಗಿದೆ ಎಂಬುದು. ಉಪಗ್ರಹ ಎಲ್ಲಿದೆ ಎಂಬ ಲೆಕ್ಕವನ್ನು ಮೊದಲೇ ಕೊಟ್ಟಿರುತ್ತಾರೆ. ಇಷ್ಟರಿಂದ ಡಿಶ್ ಸರಿಸುಮಾರು ಸರಿಯಾದ ಕಡೆ ಮುಖ ಮಾಡುತ್ತದೆ. ಆಮೇಲೆ ಗೈರೋ ಸಂವೇದಕಗಳು ಹಡಗು ವಾಲುವ ವೇಗವನ್ನು ಕ್ಷಣಕ್ಷಣಕ್ಕೂ ಅಳೆಯುತ್ತವೆ. ಹಡಗು ಬಲಕ್ಕೆ ವಾಲಿದಷ್ಟೂ ಮೋಟಾರುಗಳು ಡಿಶ್ಶನ್ನು ಎಡಕ್ಕೆ ಎಳೆಯುತ್ತವೆ. ಇದೂ ಸಾಲದೆ ಡಿಶ್ ತನ್ನ ನೋಟವನ್ನು ಒಂದು ಕೂದಲೆಳೆಯಷ್ಟು ಆಚೀಚೆ ಸರಿಸುತ್ತ, ಯಾವ ಬದಿಗೆ ಸಿಗ್ನಲ್ ಗಟ್ಟಿಯಾಯಿತು ಎಂದು ಹುಡುಕುತ್ತಲೇ ಇರುತ್ತದೆ. ಈ ಹುಡುಕಾಟ ಹಗಲು ರಾತ್ರಿ ನಿಲ್ಲುವುದಿಲ್ಲ.

ಇಷ್ಟೊಂದು ಕಟ್ಟುನಿಟ್ಟು ಯಾಕೆಂದರೆ, ಅರ್ಧ ಡಿಗ್ರಿ ತಪ್ಪಿದರೆ ಉಪಗ್ರಹದ ಎತ್ತರದಲ್ಲಿ ಅದು 300 ಕಿಲೋಮೀಟರ್‌ಗೂ ಮಿಕ್ಕಿದ ತಪ್ಪು. ಆ ಕಕ್ಷೆಯಲ್ಲಿ ಉಪಗ್ರಹಗಳು ಒಂದೆರಡು ಡಿಗ್ರಿ ಅಂತರದಲ್ಲಿ ಸಾಲಾಗಿ ನಿಂತಿವೆ. ಗುರಿ ತಪ್ಪಿದ ಡಿಶ್ ಪಕ್ಕದ ಉಪಗ್ರಹದ ಸಂಭಾಷಣೆಯನ್ನು ಕೆಡಿಸುತ್ತದೆ. ಅದಕ್ಕೇ ಗುರಿ ಅಷ್ಟು ಸರಿದ ತಕ್ಷಣ ಯಂತ್ರ ತಾನಾಗಿ ಪ್ರಸಾರ ನಿಲ್ಲಿಸುವಂತೆ ಕಟ್ಟಿರುತ್ತಾರೆ. ಹಡಗು ತಿರುಗುವಾಗ ಹೊಗೆಕೊಳವೆಯೋ ಕಂಬವೋ ಅಡ್ಡ ಬಂದರೆ ಇನ್ನೊಂದು ಗುಮ್ಮಟ ಕೆಲಸ ವಹಿಸಿಕೊಳ್ಳುತ್ತದೆ. ಎರಡು ಮೂರು ಗುಮ್ಮಟ ಇರುವುದು ಇದೇ ಕಾರಣಕ್ಕೆ.

ಡಿಶ್ ಎಷ್ಟೇ ಚೆನ್ನಾಗಿ ಗುರಿಯಿಟ್ಟರೂ ಮೇಲಿನ ಉಪಗ್ರಹ ತನ್ನ ಜಾಗ ಬಿಡಬಾರದು. ಸೂರ್ಯ, ಚಂದ್ರರ ಸೆಳೆತಕ್ಕೆ ಅದು ಮೆಲ್ಲಗೆ ಜರುಗುತ್ತಿರುತ್ತದೆ. ಭಾರತದ ಭೂಸ್ಥಿರ ಉಪಗ್ರಹಗಳನ್ನು ಆಗಾಗ ಪುಟ್ಟ ರಾಕೆಟ್ಟುಗಳ ತಳ್ಳಾಟದಿಂದ ಸ್ವಸ್ಥಾನಕ್ಕೆ ತರುವ ಕೆಲಸ ನಮ್ಮ ಹಾಸನದಲ್ಲಿ ನಡೆಯುತ್ತದೆ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಅಲ್ಲಿ 1982ರಿಂದ, ಇನ್ಸಾಟ್-1ಎ ಕಾಲದಿಂದ ಇದೆ. ಮಾಳಿಗೆಯ ಡಿಶ್ಶಿನಲ್ಲಿ ಚಿತ್ರ ನಿಂತಿರುವುದರ ಹಿಂದೆ ಆ ಊರಿನ ರಾತ್ರಿ ಪಾಳಿಯವರ ನಿದ್ದೆಗೆಟ್ಟ ದುಡಿಮೆಯಿದೆ.

ಇಷ್ಟು ಎತ್ತರದ ಉಪಗ್ರಹಕ್ಕೆ ಒಂದು ತೊಡಕು ಇದ್ದೇ ಇದೆ. ಬೆಳಕಿನ ವೇಗದಲ್ಲೇ ಹೋದರೂ ಮಾತು ಮೇಲೇರಿ ಕೆಳಗಿಳಿಯಲು ಸುಮಾರು ಕಾಲು ಸೆಕೆಂಡು, ಉತ್ತರ ಮರಳಲು ಇನ್ನೊಂದು ಕಾಲು ಸೆಕೆಂಡು ಬೇಕು. ಹಡಗಿನಿಂದ ಮಗ "ಯಪ್ಪಾ, ಹತ್ತಿ ಮಾರಿದ್ರೇನು?" ಎಂದು ಕೇಳಿ, ಉತ್ತರ ಬಾರದೆ ಮತ್ತೆ "ಹಲೋ" ಎನ್ನುವಷ್ಟರಲ್ಲಿ ಆ ಕಡೆಯ ಉತ್ತರವೂ ಬಂದು ಎರಡೂ ಡಿಕ್ಕಿ ಹೊಡೆಯುತ್ತವೆ. ಇದಕ್ಕೆ ಪರಿಹಾರವಾಗಿ ಬಂದದ್ದು ತಗ್ಗಿನ ಕಕ್ಷೆಯ ಉಪಗ್ರಹಗಳು. ಸ್ಟಾರ್‌ಲಿಂಕ್‌ನವು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿವೆ, ಒನ್‌ವೆಬ್‌ನವು 1,200ರಲ್ಲಿ. ಒನ್‌ವೆಬ್‌ನ 72 ಉಪಗ್ರಹಗಳನ್ನು 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಮೇಲಕ್ಕೆ ಒಯ್ದದ್ದು ಇಸ್ರೋದ ಎಲ್‌ವಿಎಂ-3 ರಾಕೆಟ್. ತಗ್ಗಿನಲ್ಲಿರುವುದರಿಂದ ಮಾತು ತಡವಾಗುವುದಿಲ್ಲ. ಆದರೆ ಅವು ಒಂದೆಡೆ ನಿಲ್ಲುವುದೂ ಇಲ್ಲ: ಸೆಕೆಂಡಿಗೆ ಏಳೂವರೆ ಕಿಲೋಮೀಟರ್‌ನಂತೆ ಓಡುತ್ತ ಕೆಲವೇ ನಿಮಿಷಗಳಲ್ಲಿ ಆಕಾಶ ದಾಟಿ ಹೋಗುತ್ತವೆ. ಅವುಗಳ ಬೆನ್ನು ಹತ್ತಲು ಬಳಸುವುದು ಚಪ್ಪಟೆ ಹಲಗೆಯಂಥ ಆಂಟೆನಾ. ಅದರೊಳಗೆ ನೂರಾರು ಪುಟ್ಟ ಆಂಟೆನಾಗಳಿವೆ. ಪ್ರತಿಯೊಂದರ ಅಲೆಯನ್ನೂ ಅತಿ ಸಣ್ಣ ಅಂತರದಲ್ಲಿ ತಡಮಾಡಿ ಬಿಟ್ಟರೆ, ಎಲ್ಲ ಕೂಡಿದ ಅಲೆ ಬೇಕಾದ ಕಡೆಗೆ ಬಾಗುತ್ತದೆ. ಹಲಗೆ ಮಿಸುಕುವುದಿಲ್ಲ, ನೋಟ ಮಾತ್ರ ತಿರುಗುತ್ತದೆ. 2022ರ ಆಗಸ್ಟ್‌ನಲ್ಲಿ ರಾಯಲ್ ಕೆರಿಬಿಯನ್ ಕಂಪನಿ ತನ್ನ ನೌಕೆಗಳಿಗೆಲ್ಲ ಸ್ಟಾರ್‌ಲಿಂಕ್ ಹಾಕಿಸುವುದಾಗಿ ಪ್ರಕಟಿಸಿದ ಮೇಲೆ ಈ ಹಲಗೆಗಳು ವಿಹಾರ ನೌಕೆಗಳಲ್ಲಿ ಬೇಗ ಹಬ್ಬಿದವು.

ಯಾವ ಉಪಗ್ರಹವಾದರೂ ಬಂದ ಇಂಟರ್ನೆಟ್ಟನ್ನು ಸಾವಿರಾರು ಜನ ಹಂಚಿಕೊಳ್ಳಬೇಕು. ಊಟ ಮುಗಿದ ರಾತ್ರಿ ಹೊತ್ತಿಗೆ ಎಲ್ಲರೂ ಫೋನು ತೆಗೆದಾಗ ವೇಗ ಕುಸಿಯುವುದು ಸಹಜ. ಒಂದು ಧ್ವನಿ ಸಂದೇಶಕ್ಕೆ ಕೆಲವು ನೂರು ಕಿಲೋಬೈಟ್ ಸಾಕು. ಒಂದು ತಾಸಿನ ಎಚ್‌ಡಿ ವಿಡಿಯೋ ಒಂದು ಜಿಬಿ ದಾಟುತ್ತದೆ. ಮನೆಯವರಿಗೆ ಹೇಳಬೇಕಾದ್ದನ್ನು ದನಿಯಲ್ಲಿ ಕಳಿಸಿ. ಫೋಟೋಗಳು ತಾವಾಗಿ ಅಪ್‌ಲೋಡ್ ಆಗುವುದನ್ನೂ ಆ್ಯಪ್‌ಗಳ ಅಪ್‌ಡೇಟನ್ನೂ ಹಡಗು ಹತ್ತುವ ಮುಂಚೆಯೇ ನಿಲ್ಲಿಸಿ.

ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ ವೈ-ಫೈ ಮಾತ್ರ ಆನ್ ಮಾಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಹಲವು ನೌಕೆಗಳು ದಂಡೆಯಿಂದ ದೂರ ಸರಿದ ಮೇಲೆ ಹಡಗಿನೊಳಗೇ ಒಂದು ಪುಟ್ಟ ಮೊಬೈಲ್ ಟವರನ್ನು ಚಾಲೂ ಮಾಡುತ್ತವೆ. ಅದೂ ಉಪಗ್ರಹದ ಮೂಲಕವೇ ಹೋಗುವುದರಿಂದ ಅದರ ರೋಮಿಂಗ್ ದರ ಬಲು ದುಬಾರಿ, ಫೋನು ಮಾತ್ರ ನಿಮ್ಮನ್ನು ಕೇಳದೆ ಅದನ್ನು ಹಿಡಿದುಕೊಳ್ಳುತ್ತದೆ. ಫ್ಲೈಟ್ ಮೋಡ್‌ನಲ್ಲಿ ಎಸ್ಸೆಮ್ಮೆಸ್ ಬಾರದ ಕಾರಣ ಬ್ಯಾಂಕಿನ ಒಟಿಪಿಯೂ ಬರುವುದಿಲ್ಲ. ವೈ-ಫೈ ಕಾಲಿಂಗ್ ಸೌಲಭ್ಯ ಇದ್ದು, ಹಡಗಿನ ಜಾಲ ಅದನ್ನು ಬಿಟ್ಟುಕೊಟ್ಟರೆ ಬಂದೀತು. ಹಾಗಾಗಿ ಒಟಿಪಿ ಬೇಡುವ ಪಾವತಿಗಳನ್ನು ಮುಂಬೈನಲ್ಲೇ ಮುಗಿಸಿ. ಲಕ್ಷದ್ವೀಪ ಮುಟ್ಟಿದರೆ ಮತ್ತೆ ಟವರು ಸಿಗುತ್ತದೆ: ಕೊಚ್ಚಿಯಿಂದ 11 ದ್ವೀಪಗಳಿಗೆ ಹಾಕಿದ ಸಮುದ್ರದಡಿಯ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾಗಿದೆ.

ಜೋರು ಮಳೆಯಲ್ಲಿ ನಮ್ಮ ಮನೆಯ ಡಿಶ್ ಟಿವಿ ನಿಂತುಹೋಗುವಂತೆ ಹಡಗಿನ ವೈ-ಫೈ ಕೂಡ ಸೊರಗುತ್ತದೆ. ಎರಡು ಸೆಂಟಿಮೀಟರ್ ಉದ್ದದ ಅಲೆಗಳನ್ನು ಮಳೆಹನಿ ನುಂಗಿಬಿಡುತ್ತದೆ. ಇದಕ್ಕೆ ಅಂಜಬೇಕಿಲ್ಲ. ಅಪಾಯದ ಕರೆಗೆ ಹಡಗಿನಲ್ಲಿ ಬೇರೆಯೇ ವ್ಯವಸ್ಥೆ ಇರುತ್ತದೆ; ಅದರ ಉಪಗ್ರಹ ಅಲೆಗಳು 20 ಸೆಂಟಿಮೀಟರ್‌ನಷ್ಟು ಉದ್ದ, ಮಳೆಗೆ ಜಗ್ಗುವುದಿಲ್ಲ.

ಪ್ರವಾಸಿಗನಿಗೆ ಇದು ನಾಲ್ಕು ದಿನದ ಮಾತು. ಸರಕು ಹಡಗಿನಲ್ಲಿ ದುಡಿಯುವವರಿಗೆ ಅದೇ ಗುಮ್ಮಟ ತಿಂಗಳುಗಟ್ಟಲೆ ಮನೆಯ ಏಕೈಕ ದಾರಿ. ಭಾರತದ ಸಮುದ್ರದಲ್ಲಿ ಹಡಗಿಗೆ ಉಪಗ್ರಹ ಇಂಟರ್ನೆಟ್ ಕೊಡಲು ನಿಯಮ ಬಂದದ್ದು 2018ರ ಡಿಸೆಂಬರ್‌ನಲ್ಲಿ, ಟಾಟಾ ಸಮೂಹದ ನೆಲ್ಕೊ ಸೇವೆ ಶುರು ಮಾಡಿದ್ದು ಮರುವರ್ಷ. ನಾವಿಕರಿಗೂ ಹಡಗಿನಲ್ಲಿ ಸಾಧ್ಯವಿರುವಷ್ಟೂ ಇಂಟರ್ನೆಟ್ ಸಿಗಬೇಕು, ಶುಲ್ಕ ಇದ್ದರೆ ಅದು ನ್ಯಾಯವಾಗಿರಬೇಕು ಎಂಬ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದ ತಿದ್ದುಪಡಿ 2024ರ ಡಿಸೆಂಬರ್ 23ರಂದು ಜಾರಿಗೆ ಬಂತು. ಭಾರತ ಆ ಒಪ್ಪಂದಕ್ಕೆ 2015ರಲ್ಲೇ ಸೇರಿದೆ. ದೇವದುರ್ಗದಿಂದಲೋ ಮಾನ್ವಿಯಿಂದಲೋ ಮರ್ಚಂಟ್ ನೇವಿ ಸೇರಲು ಹೊರಟ ಹುಡುಗರು ಕರಾರು ಪತ್ರಕ್ಕೆ ಸಹಿ ಹಾಕುವ ಮುನ್ನ ಸಂಬಳದ ಜೊತೆಗೆ ಇದನ್ನೂ ಕೇಳಬೇಕು: ಹಡಗಿನಲ್ಲಿ ವಾರಕ್ಕೆ ಎಷ್ಟು ಡೇಟಾ, ದುಡ್ಡೆಷ್ಟು?